ಬಾಲ್ಯದ ಕಾಮಿಕ್ಸ್ ಅನಿಮೇಷನ್ ಆದಾಗ ಆ ಗೆರೆ ಯಾಕೆ ಉಳಿಯಲ್ಲ?

ಒಂಟಿಕೊಪ್ಪಲ್ ಗೆರೆ

ಚಿಕ್ಕಂದಿನಲ್ಲಿ ಹಾಳೆ ಕಿತ್ತು ಬರುವಷ್ಟು ಸಲ ಓದಿದ ಕಾಮಿಕ್ಸ್ ಸಿನಿಮಾ ಆಗಿ ಬಂದಾಗ ಬಹಳ ಜನ ಹೇಳೋದು ಒಂದೇ ಮಾತು: "ಮುಖ ಅದೇ, ಆದ್ರೆ ಅವನು ಇವನಲ್ಲ." ತ್ರೀಡಿ ಮಾಡಿದ್ದಕ್ಕೆ ಹೀಗಾಯ್ತು ಅಂತ ಮಾತು ಮುಗಿಸಿಬಿಡ್ತೀವಿ. ನನಗನ್ನಿಸೋದು, ಎಡವಟ್ಟು ಅದಕ್ಕಿಂತ ಮುಂಚೆ, ಲೆಕ್ಕದಲ್ಲೇ ಶುರುವಾಗಿರುತ್ತೆ.

32 ಪುಟದ ಒಂದು ಕಾಮಿಕ್ಸ್ ತಗೊಳ್ಳಿ. ಪುಟಕ್ಕೆ ಐದಾರು ಚೌಕಟ್ಟು ಅಂದ್ರೆ ಒಟ್ಟು 170ರ ಆಸುಪಾಸು. ಒಂದೊಂದು ಚೌಕಟ್ಟು ತೆರೆ ಮೇಲೆ ಮೂರೂವರೆ ಸೆಕೆಂಡ್ ನಿಂತರೆ ಹತ್ತು ನಿಮಿಷಕ್ಕೆ ಕತೆ ಮುಗೀತು. ಸಿನಿಮಾಕ್ಕೆ ಬೇಕಾಗಿರೋದು 90 ನಿಮಿಷ. ಉಳಿದ 80 ನಿಮಿಷ ಎಲ್ಲಿಂದ ಬರಬೇಕು? ಬೆನ್ನಟ್ಟುವ ದೃಶ್ಯ, ಇಲ್ಲದ ಖಳನಾಯಕ, ನಾಯಕನ ಬಾಲ್ಯದ ದುಃಖ, ಇವೆಲ್ಲ ಅಲ್ಲೇ ನುಗ್ಗೋದು. 2011ರ ಟಿನ್‌ಟಿನ್ ಸಿನಿಮಾ ಈ ಲೆಕ್ಕಕ್ಕೆ ಮೂರು ಪುಸ್ತಕಗಳನ್ನು ಬೆಸೆಯಿತು. ಅದು ಗೌರವದ ದಾರಿ, ಒಳಗಿನ ಸರಕೆಲ್ಲ ಮೂಲ ಕಲಾವಿದನದೇ.

ಪೂರ್ಣಪ್ರಮಾಣದ ಸಿನಿಮಾ ಬಿಡಿ. ಈ ಗುಂಪಲ್ಲಿ ಮೈಸೂರಿನ ಕಾವಾ ಕಲಾ ಕಾಲೇಜಿನವರು, ಅನಿಮೇಷನ್ ಕಲಿಯೋ ಹುಡುಗರು, ಮಂಡ್ಯ ಕಡೆಯ ಕಲಾವಿದರು ಎಲ್ಲ ಇದ್ದೀರಿ. 8 ಪುಟದ ಹಳೆಯ ಮಕ್ಕಳ ಕಾಮಿಕ್ಸನ್ನು ಮೂರು ನಿಮಿಷದ ಕಿರುಚಿತ್ರ ಮಾಡೋದಾದ್ರೆ ಯಾವ ಕ್ರಮದಲ್ಲಿ ಹೋಗಬೇಕು, ಎಲ್ಲೆಲ್ಲಿ ಕೆಡುತ್ತೆ ಅಂತ ಬಿಡಿಸಿ ಬರೆಯಿರಿ.

ಮಂಡ್ಯ ಸ್ಟೋರಿಬೋರ್ಡ್

ಅಣ್ಣ, ಮೊದಲ ಪೆಟ್ಟು ಬೀಳೋದು ಚೌಕಟ್ಟನ್ನು ಶಾಟ್ (ಕ್ಯಾಮೆರಾ ಒಂದೇ ಸಲಕ್ಕೆ ತೋರಿಸೋ ತುಣುಕು) ಅಂದುಕೊಂಡಾಗ. ಕಾಮಿಕ್ಸಿನ ಒಂದು ಚೌಕಟ್ಟಲ್ಲಿ ಒಂದಕ್ಕಿಂತ ಹೆಚ್ಚು ಕ್ಷಣ ಇರುತ್ತೆ. ಉದಾಹರಣೆಗೆ ರಾಜಕುಮಾರ ಕತ್ತಿ ಬೀಸ್ತಾ ಇದ್ದಾನೆ, ಮಾತಿನ ಬಲೂನಲ್ಲಿ "ಎಲೈ ದುಷ್ಟನೇ, ನಿನ್ನನ್ನು ಈಗಲೇ ಸಂಹರಿಸುತ್ತೇನೆ!" ಅಂತಿದೆ. ಆ ಮಾತಲ್ಲಿ 17 ಅಕ್ಷರ. ಮಾಮೂಲಿ ವೇಗದಲ್ಲಿ ಸೆಕೆಂಡಿಗೆ ಐದಾರು ಅಕ್ಷರ ಆಡ್ತೀವಿ, ಅಂದ್ರೆ ಹೆಚ್ಚುಕಮ್ಮಿ 3 ಸೆಕೆಂಡ್. ತೆರೆ ಮೇಲೆ ಸೆಕೆಂಡಿಗೆ 24 ಸ್ಥಿರಚಿತ್ರ ಓಡ್ತವೆ, ಒಂದೊಂದೂ ಒಂದು ಫ್ರೇಮ್. ಕತ್ತಿ ಬೀಸೋದಕ್ಕೆ 8 ಫ್ರೇಮ್ ಸಾಕು, ಸೆಕೆಂಡಿನ ಮೂರನೇ ಒಂದು ಭಾಗ. ಹಾಳೆ ಮೇಲೆ ಎರಡೂ ಒಟ್ಟಿಗೆ ಬದುಕ್ತವೆ, ತೆರೆ ಮೇಲೆ ಬದುಕಲ್ಲ. ಮಾತಿಗೆ ತಕ್ಕಂತೆ ಬೀಸಾಟ ಎಳೆದರೆ ಕತ್ತಿ ನೀರೊಳಗೆ ಆಡಿದಂಗೆ ಕಾಣುತ್ತೆ. ಮಾತು ಮೊದಲು ಮುಗಿಸಿ, ಒಂದು 10 ಫ್ರೇಮ್ ಸುಮ್ನೆ ನಿಲ್ಲಿಸಿ, ಆಮೇಲೆ ಮಾತಿಲ್ಲದೆ ಬೀಸಿಸಿ. ಕೆಲವು ಕಡೆ ಮಾತನ್ನೇ ತೆಗೆದುಬಿಡೋದು ವಾಸಿ.

ಕೆಲಸದ ಕ್ರಮ ಹೀಗೆ. ಪ್ರತಿ ಚೌಕಟ್ಟನ್ನೂ ಕತ್ತರಿಸಿ ಟೈಮ್‌ಲೈನಿಗೆ ಜೋಡಿಸಿ. ಯಾರದಾದರೂ ಕಚ್ಚಾ ಧ್ವನಿ ಸೇರಿಸಿ. ಏನೂ ಅಲ್ಲಾಡಿಸಬೇಡಿ, ಕ್ಯಾಮೆರಾ ಕೂಡ. ಹಾಗೇ ಕೂತು ನೋಡಿ. ಕತೆ ಗೊತ್ತಿಲ್ಲದವರಿಗೆ ತೋರಿಸಿದಾಗ ಎಲ್ಲಿ "ಅವನು ಅಲ್ಲಿಗೆ ಹೆಂಗೆ ಬಂದ?" ಅಂತ ಕೇಳ್ತಾರೋ ಅಲ್ಲಿ ಮಾತ್ರ ಹೊಸ ಶಾಟ್ ಬರೀಬೇಕು. ಎರಡು ಚೌಕಟ್ಟಿನ ನಡುವಿನ ಬಿಳಿ ಪಟ್ಟಿಯಲ್ಲಿ ಓದುಗ ತಾನೇ ತುಂಬಿಕೊಳ್ಳೋದು ಬಹಳ ಇರುತ್ತೆ. ಅದನ್ನೆಲ್ಲ ತೋರಿಸೋಕೆ ಹೊರಟರೆ ಕಾಮಿಕ್ಸಿನ ತಮಾಷೆಯೇ ಹೋಗುತ್ತೆ. ಬಾವಿ ಕಡೆ ಓಡೋ ಕಳ್ಳ, ಮುಂದಿನ ಚೌಕಟ್ಟಲ್ಲಿ ಬಾವಿಯಿಂದ ಮೇಲೆ ಬಂದ ಎರಡು ಕಾಲು. ಬೀಳೋದನ್ನ ತೋರಿಸಬಾರದು. ಶಬ್ದ ಸಾಕು.

ಇನ್ನೊಂದು ಉದ್ದುದ್ದ ಚೌಕಟ್ಟಿನ ತೊಂದರೆ. ಗೋಪುರ ಹತ್ತೋ ದೃಶ್ಯನ ಕಲಾವಿದ ಪುಟದ ಎತ್ತರಕ್ಕೆ ಬರೆದಿರ್ತಾನೆ, ತೆರೆ ಅಡ್ಡಡ್ಡ. ಕ್ಯಾಮೆರಾ ಕೆಳಗಿಂದ ಮೇಲಕ್ಕೆ ಸರಿಸ್ತೀವಿ ಅಂದ್ರೆ ನಿಧಾನ ಇರಲಿ. ಒಂದು ವಸ್ತು ತೆರೆಯ ಒಂದು ಅಂಚಿಂದ ಇನ್ನೊಂದು ಅಂಚಿಗೆ ಹೋಗೋಕೆ ಸುಮಾರು 7 ಸೆಕೆಂಡ್ ತಗೋಬೇಕು. ಅದಕ್ಕಿಂತ ಜೋರು ಆದ್ರೆ 24 ಫ್ರೇಮಲ್ಲಿ ಗೆರೆಗಳು ಕಡಕಡ ನಡುಗ್ತವೆ. ಅಷ್ಟು ಹೊತ್ತು ಇಲ್ಲ ಅಂದ್ರೆ ಎರಡು ಶಾಟ್ ಮಾಡಿ.

ಹಳೇ ಪುಟ

ಮಂಡ್ಯದವರು ಹೇಳಿದ್ದಕ್ಕಿಂತ ಒಂದು ಹೆಜ್ಜೆ ಹಿಂದಿನ ಕೆಲಸ ನನ್ನದು. ಸ್ಕ್ಯಾನ್ ಸರಿಯಾಗದಿದ್ರೆ ಮುಂದೆ ಯಾರು ಏನು ಮಾಡಿದ್ರೂ ಗೆರೆ ಸಿಕ್ಕಲ್ಲ.

ಮಕ್ಕಳ ಪತ್ರಿಕೆಗಳ ಕಾಗದ ತೆಳು, ಹಿಂದಿನ ಪುಟದ ಚಿತ್ರ ಮುಂದೆ ಮೂಡಿ ಬರುತ್ತೆ. ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಿ, ಆ ಮಬ್ಬು ಚಿತ್ರ ಬಹುತೇಕ ಹೋಗುತ್ತೆ. ಪುಟ ಒಟ್ಟಾರೆ ಸ್ವಲ್ಪ ಕಪ್ಪಾಗುತ್ತೆ, ಅದನ್ನು ಆಮೇಲೆ ಎತ್ತಬಹುದು. 600 ಡಿಪಿಐ (ಇಂಚಿಗೆ 600 ಚುಕ್ಕಿ), ಬಣ್ಣದಲ್ಲಿ, ಟಿಫ್ ಕಡತ. ಕಪ್ಪು-ಬಿಳುಪು ಚಿತ್ರವಾದ್ರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಾರಣ ಮುಂದಿದೆ. ಸ್ಕ್ಯಾನರಿನ "ಶಾರ್ಪನ್" ಆಫ್ ಮಾಡಿ. ಅದು ಆನ್ ಇದ್ರೆ ಮುದ್ರಣದ ಚುಕ್ಕಿಗಳಿಗೆಲ್ಲ ಅಂಚು ಕಟ್ಟಿಬಿಡುತ್ತೆ.

ಈಗ ಗೆರೆಯನ್ನು ಬಣ್ಣದಿಂದ ಬಿಡಿಸೋದು. ಬಣ್ಣದ ಕಡತದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಇರ್ತವೆ, ಅದರಲ್ಲಿ ಕೆಂಪು ಚಾನೆಲ್ ಒಂದನ್ನೇ ತೆರೆದು ನೋಡಿ. ಹಳದಿ ಶಾಯಿ ಅಲ್ಲಿ ಕಾಣಲ್ಲ, ಮಜೆಂಟಾ (ಗುಲಾಬಿಗೆಂಪು) ಕೂಡ ಹೆಚ್ಚುಕಮ್ಮಿ ಕಾಣಲ್ಲ. ಮೈಬಣ್ಣ ಅಂದ್ರೆ ಹಳದಿ ಮತ್ತು ಮಜೆಂಟಾ ತಾನೇ, ಹಾಗಾಗಿ ಮುಖ ಬೆಳ್ಳಗಾಗಿ ಕಣ್ಣು ಮೂಗಿನ ಗೆರೆ ಮಾತ್ರ ಕಪ್ಪಗೆ ಉಳಿಯುತ್ತೆ. ಕಾಗದಕ್ಕೆ ವಯಸ್ಸಾಗಿ ಬಂದ ಹಳದಿಯೂ ಹೋಗುತ್ತೆ. ಆಕಾಶ, ನೀರು, ಕೃಷ್ಣನ ಮೈ ಇಂಥ ನೀಲಿ ಜಾಗದಲ್ಲಿ ಇದು ಕೈಕೊಡುತ್ತೆ. ಸಯಾನ್ (ತಿಳಿನೀಲಿ) ಶಾಯಿ ಕೆಂಪು ಚಾನೆಲಲ್ಲಿ ಕಪ್ಪಾಗೇ ಬರುತ್ತೆ. ಅಲ್ಲಿ ನೀಲಿ ಚಾನೆಲ್ ಬಳಸಿ ಬೇಡದ ಜಾಗ ಮುಚ್ಚೋ ಮಾಸ್ಕ್ ಹಾಕಿ ಎರಡನ್ನೂ ಸೇರಿಸಿ.

ಬಣ್ಣ ಆರಿಸುವಾಗ ಎಲ್ಲರೂ ಮಾಡೋದು ಒಂದಿದೆ: ಹಳೆಯ ಪುಟದ ಮೇಲೆ ಡ್ರಾಪರ್ ಇಟ್ಟು ಅದೇ ಬಣ್ಣ ಎತ್ತಿಕೊಳ್ಳೋದು. ಸಿಗೋದು ಚುಕ್ಕಿಯ ಬಣ್ಣ ಮತ್ತು ಮಾಸಿದ ಕಾಗದದ ಬಣ್ಣ. ಮೊದಲು ಪುಟದ ಅಂಚಿನ ಖಾಲಿ ಕಾಗದವನ್ನು ಬಿಳಿ ಅಂತ ಹೊಂದಿಸಿ. ಆಮೇಲೆ ಚುಕ್ಕಿಗಳು ಕರಗುವಷ್ಟು ಮಾತ್ರ ಬ್ಲರ್ ಕೊಟ್ಟು, 300 ಡಿಪಿಐಗೆ ಇಳಿಸಿ, ಆಮೇಲೆ ಬಣ್ಣ ಎತ್ತಿ. ಇಳಿಸೋದು ಮೊದಲು, ಬ್ಲರ್ ಆಮೇಲೆ ಅಂತ ತಿರುಗಿಸಿದ್ರೆ ಅಲೆಅಲೆಯ ಪಟ್ಟೆ ಬರುತ್ತೆ. ಒಮ್ಮೆ ಬಂತು ಅಂದ್ರೆ ತೆಗೆಯೋದು ಕಷ್ಟ.

ಒಂಟಿಕೊಪ್ಪಲ್ ಗೆರೆ

ಕೆಂಪು ಚಾನೆಲ್ ವಿಷಯ ಬಹಳ ಉಪಯೋಗದ್ದು ಸರ್. ಗೆರೆ ಸಿಕ್ಕಿತು ಅಂದುಕೊಳ್ಳಿ, ಪಾತ್ರದ ಮಾಡೆಲ್ ಶೀಟ್ (ಒಂದೊಂದು ಕೋನದಿಂದ ಹೇಗೆ ಬರೀಬೇಕು ಅನ್ನೋ ಮಾದರಿ ಹಾಳೆ) ಮಾಡೋದು ಹೇಗೆ? ಒಬ್ಬನೇ ಕಲಾವಿದ ಒಂದನೇ ಪುಟದಲ್ಲಿ ಬರೆದ ಮುಖಕ್ಕೂ ಎಂಟನೇ ಪುಟದ ಮುಖಕ್ಕೂ ವ್ಯತ್ಯಾಸ ಇರುತ್ತಲ್ಲ.

ಕುಕ್ಕರಹಳ್ಳಿ ಕೀಫ್ರೇಮ್

ಆ ಪಾತ್ರದ ತಲೆ ಸಿಕ್ಕಷ್ಟೂ ಕತ್ತರಿಸಿ ಒಂದೇ ಹಾಳೆಗೆ ಅಂಟಿಸಿ. ನೇರ, ಮುಕ್ಕಾಲು, ಪಕ್ಕ, ಮೇಲಿಂದ, ಹೀಗೆ ಗುಂಪು ಮಾಡಿ. ಆಗ ಗೊತ್ತಾಗುತ್ತೆ, ಹೆಚ್ಚಿನ ಕಲಾವಿದರು ಮುಕ್ಕಾಲು ಮುಖ ಮತ್ತು ಪಕ್ಕದ ಮುಖ ಬಿಟ್ಟು ಬೇರೆ ಬರೆದೇ ಇರಲ್ಲ. ನೇರ ಮುಖ ಒಂದೆರಡು, ಹಿಂಭಾಗ ಒಂದೂ ಇಲ್ಲ. ಎಲ್ಲವನ್ನೂ ಕೂಡಿಸಿ ಒಂದು ಸರಾಸರಿ ಮುಖ ತೆಗೆಯೋದು ದೊಡ್ಡ ಅನ್ಯಾಯ. ಅದು ಯಾವ ಪುಟದಲ್ಲೂ ಇಲ್ಲದ ಮುಖ. ಪ್ರತಿ ಗುಂಪಿನಿಂದ ಅತ್ಯಂತ ಜೀವ ಇರುವ ಒಂದೊಂದು ಆರಿಸಿ ಅದನ್ನೇ ನಿಯಮ ಮಾಡಿ.

ಆಮೇಲೆ ತಲೆ ತಿರುಗಿಸೋ ಪ್ರಶ್ನೆ. ಪಕ್ಕದಿಂದ ಮುಕ್ಕಾಲಿಗೆ ನಯವಾಗಿ ತಿರುಗಿಸಿದ್ರೆ ನಡುವಿನ ಫ್ರೇಮುಗಳಲ್ಲಿ ಮೂಗು ಎಲ್ಲೆಲ್ಲೋ ಹೋಗುತ್ತೆ. ಹಾಳೆ ಮೇಲಿನ ಮುಖಕ್ಕೆ ಆಳವೇ ಇಲ್ಲ, ಅದು ಒಂದೊಂದು ಕೋನಕ್ಕೂ ಬೇರೆ ಬೇರೆ ಒಪ್ಪಂದ. 2015ರ ಪೀನಟ್ಸ್ ಸಿನಿಮಾದವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. ತ್ರೀಡಿಯಲ್ಲೇ ಮಾಡಿದ್ರೂ ಮೂಲ ಕಲಾವಿದ ಶುಲ್ಜ್ ಬರೆದ ಕೋನಗಳಿಗೆ ಮಾತ್ರ ತಲೆ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ಟಕ್ಕನೆ ಹಾರಿಸಿದರು. ಹುಬ್ಬು, ಬಾಯಿ ಎಲ್ಲ ಪೆನ್ನಿನ ಗೆರೆಯಾಗೇ ಉಳಿಯಿತು. ತಲೆ ತಿರುಗುವಾಗ ಕಣ್ಣು ಮಿಟುಕಿಸಿ, ಮಿಟುಕಿನ ಎರಡು ಫ್ರೇಮಲ್ಲಿ ಮುಖ ಬದಲಾಯಿಸಿ. ನೋಡುವವರಿಗೆ ಗೊತ್ತೇ ಆಗಲ್ಲ.

ಹಾಗೇ ಸೆಕೆಂಡಿಗೆ 24 ಚಿತ್ರ ಬರೆಯೋಕೆ ಹೋಗಬೇಡಿ. ಒಂದು ಚಿತ್ರ ಎರಡು ಫ್ರೇಮ್ ನಿಲ್ಲಲಿ, ಅಂದ್ರೆ ಸೆಕೆಂಡಿಗೆ 12. ಕಾಮಿಕ್ಸಿನ ಬಿಗಿ ಅದರಲ್ಲೇ ಉಳಿಯೋದು. 2018ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾ ಅಷ್ಟು ದೊಡ್ಡ ಬಜೆಟ್ಟಲ್ಲೂ ಇದನ್ನೇ ಮಾಡಿತು: ಬಹಳಷ್ಟು ಕಡೆ ಚಲನೆ ಎರಡೆರಡು ಫ್ರೇಮಿಗೆ, ಮೋಷನ್ ಬ್ಲರ್ (ವೇಗಕ್ಕೆ ಚಿತ್ರ ಮಸುಕಾಗೋದು) ಇಲ್ಲ, ಮುಖದ ಮೇಲೆ ಶಾಯಿ ಗೆರೆ, ನೆರಳಿಗೆ ಮುದ್ರಣದ ಚುಕ್ಕಿ. ದೂರದ ವಸ್ತು ಮಸುಕಾಗುವ ಕಡೆ ಅಚ್ಚು ಸರಿದ ಪುಟದ ಹಾಗೆ ಬಣ್ಣಗಳನ್ನು ಪಕ್ಕಕ್ಕೆ ಸರಿಸಿದರು. ಇನ್ನೂ ಪಳಗದ ಹುಡುಗ ಎರಡೆರಡು ಫ್ರೇಮಲ್ಲಿ, ಪಕ್ಕದಲ್ಲೇ ಪಳಗಿದವನು ಒಂದೊಂದು ಫ್ರೇಮಲ್ಲಿ ಜಿಗಿಯೋ ದೃಶ್ಯ ಇದೆ. ಇಬ್ಬರ ಅನುಭವದ ವ್ಯತ್ಯಾಸ ಮಾತಿಲ್ಲದೆ ಗೊತ್ತಾಗುತ್ತೆ. ತ್ರೀಡಿಯಿಂದಲೇ ಗೆರೆ ಸಾಯುತ್ತೆ ಅನ್ನೋ ಮಾತಿಗೆ ಉತ್ತರ ಬೇಕಾದ್ರೆ ಆ ದೃಶ್ಯ ನೋಡಿ.

ಕೆ.ಆರ್.ಎಸ್. ರಸ್ತೆ

ಮೇಡಂ, 12 ಚಿತ್ರದಲ್ಲಿ ಮಾಡಿದ್ರೆ ಪಾತ್ರ ನಡೆಯುವಾಗ ಕಾಲು ಜಾರಿದ ಹಾಗೆ ಕಾಣುತ್ತಲ್ಲ, ಅದು ಯಾಕೆ?

ಕುಕ್ಕರಹಳ್ಳಿ ಕೀಫ್ರೇಮ್

ಪಾತ್ರ ಎರಡೆರಡು ಫ್ರೇಮಿಗೆ ಚಲಿಸ್ತಿದೆ, ಕ್ಯಾಮೆರಾ ಮಾತ್ರ ಪ್ರತಿ ಫ್ರೇಮಿಗೂ ಸರೀತಿದೆ. ಕ್ಯಾಮೆರಾ ಸರಿದು ಪಾತ್ರ ನಿಂತ ಆ ಒಂದು ಫ್ರೇಮೇ ಜಾರುವಿಕೆ. ಎರಡು ದಾರಿ ಇದೆ: ಕ್ಯಾಮೆರಾವನ್ನೂ ಎರಡೆರಡಕ್ಕೆ ಕಟ್ಟಿ, ಇಲ್ಲವೇ ಆ ನಡಿಗೆಯನ್ನು ಮಾತ್ರ ಒಂದೊಂದು ಫ್ರೇಮಿಗೆ ಬರೆಯಿರಿ. ನಿಧಾನದ ಪ್ಯಾನ್ ಆದ್ರೆ ಎರಡನೇದೇ ಸರಿ.

ಗೆರೆಯ ದಪ್ಪದ ಬಗ್ಗೆಯೂ ಹೇಳಿಬಿಡ್ತೀನಿ. ಬ್ರಷ್ಷಲ್ಲಿ ಬರೆದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಕಂಪ್ಯೂಟರಲ್ಲಿ ವೆಕ್ಟರ್ (ಹಿಗ್ಗಿಸಿದ್ರೂ ಒಡೆಯದ ಗೆರೆ) ಮಾಡುವಾಗ ಎಲ್ಲ ಒಂದೇ ದಪ್ಪ ಮಾಡಿಬಿಟ್ರೆ ಪಾತ್ರ ಸ್ಟಿಕರ್ ಥರ ಆಗುತ್ತೆ. 1920×1080ರ ತೆರೆಯಲ್ಲಿ ದೂರದ ಶಾಟಿನ ಗೆರೆ 3 ಪಿಕ್ಸೆಲ್‌ಗಿಂತ ಸಣ್ಣ ಆಗದಿರಲಿ, ಹಾಗಾದ್ರೆ ಮಿಣಮಿಣ ಅನ್ನುತ್ತೆ. ಹತ್ತಿರದ ಶಾಟಿಗೆ ಅದೇ ಚಿತ್ರ ಹಿಗ್ಗಿಸಬೇಡಿ, ಗೆರೆ ಹಗ್ಗದಷ್ಟಾಗುತ್ತೆ. ಬೇರೆಯೇ ಬರೆಯಿರಿ.

ನಾಗಮಂಗಲದವನು

ಪೌರಾಣಿಕ ಕಾಮಿಕ್ಸ್ ಆದ್ರೆ ಪ್ರತಿ ಫ್ರೇಮ್ ಕೈಯಲ್ಲಿ ಬರೆಯೋ ಆಸೆ ಬಿಡಬೇಕು ಕಣಣ್ಣ. ಕಿರೀಟ, ಭುಜಕೀರ್ತಿ, ಹಾರ, ಡಾಬು. ಒಂದು ಕಿರೀಟದಲ್ಲಿ 30 ಮಣಿ ಇದ್ರೆ ಸೆಕೆಂಡಿಗೆ 360 ಮಣಿ ಬರೀಬೇಕು. ಪಾತ್ರವನ್ನು ತುಂಡು ಮಾಡಿ ಕೀಲು ಹಾಕಿ ಆಡಿಸೋ ಕಟ್-ಔಟ್ ರಿಗ್ಗೇ ಸರಿ. ನಮ್ಮ ಕಡೆ ತೊಗಲುಗೊಂಬೆ ಆಟ ಗೊತ್ತಿರೋರಿಗೆ ಇದು ಹೊಸದಲ್ಲ. ತೋಳು, ಮುಂಗೈ ಬೇರೆ ಬೇರೆ ತುಂಡು, ಕೀಲಲ್ಲಿ ದಾರ, ಮುಖ ಬಹುಪಾಲು ಪಕ್ಕಕ್ಕೆ. ಮೈಸೂರು ವಿಶ್ವವಿದ್ಯಾಲಯದ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಗೊಂಬೆಗಳಿವೆ, ಅದು ತೆರೆದಿದ್ರೆ ಕೀಲು ಎಲ್ಲಿ ಹಾಕಿದಾರೆ ಅಂತ ನಿಂತು ನೋಡಿ.

ಕಂಪ್ಯೂಟರಲ್ಲಿ ಮಾಡುವಾಗ ಮೊಣಕೈ ಹತ್ರ ಎರಡು ತುಂಡಿನ ತುದಿಯನ್ನೂ ಒಂದೇ ಅಳತೆಯ ಅರ್ಧವೃತ್ತ ಮಾಡಿ, ತಿರುಗೋ ಬಿಂದು ಆ ವೃತ್ತದ ನಟ್ಟನಡುವೆ ಇಡಿ. ಒಂಚೂರು ಆಚೀಚೆ ಆದ್ರೂ ಕೈ ಮಡಿಸಿದಾಗ ಮೂಳೆ ಮುರಿದಂಗೆ ಮೂಲೆ ಎದ್ದು ಬರುತ್ತೆ. ಕೀಲಿನ ಮೇಲೆ ಅಡ್ಡ ಗೆರೆ ಕಾಣುತ್ತಲ್ಲ, ಅದಕ್ಕೆ ಗೆರೆ ಇಲ್ಲದ ಮೈಬಣ್ಣದ ಒಂದು ತೇಪೆ ಮೇಲಿನ ಪದರದಲ್ಲಿ ಹಾಕಿದ್ರೆ ಮುಚ್ಚಿಹೋಗುತ್ತೆ. ಒಡವೆಗೆ ಎರಡು ನಮೂನೆ ಇಟ್ಕಳಿ: ಹತ್ತಿರದ ಶಾಟಿಗೆ ಪೂರ್ತಿ ಕುಸುರಿ, ದೂರಕ್ಕೆ ನಾಲ್ಕೈದು ಚುಕ್ಕಿ. ಪಾತ್ರ ಎಡಕ್ಕೆ ತಿರುಗಿದಾಗ ಸುಮ್ನೆ ಕನ್ನಡಿ ಮಾಡಬೇಡಿ. ಜನಿವಾರ ಬಲಭುಜಕ್ಕೆ ಹೋಗುತ್ತೆ, ಸೀರೆ ಸೆರಗು ಬಲಕ್ಕೆ ಬೀಳುತ್ತೆ, ಕತ್ತಿ ಎಡಗೈಗೆ ಬರುತ್ತೆ. ಚಿಕ್ಕಂದಿನಿಂದ ಆ ಪಾತ್ರ ನೋಡಿದೋರು ಥಟ್ಟನೆ ಹಿಡೀತಾರೆ.

ಮದ್ದೂರು ಧ್ವನಿ

ಬಾಯಿ ಚಲನೆಗೆ ಬರ್ತೀನಿ. ಅಂತರ್ಜಾಲದಲ್ಲಿ ಸಿಗೋ ಬಾಯಿ ಚಾರ್ಟುಗಳು ಬಹುಪಾಲು ಇಂಗ್ಲಿಷಿಗೆ ಮಾಡಿದ್ದು. ಕನ್ನಡಕ್ಕೆ ಹೀಗೆ ಹೊಂದಿಸಿಕೊಳ್ಳಿ. ಪ, ಬ, ಮ ಬಂದಾಗ ತುಟಿ ಪೂರ್ತಿ ಮುಚ್ಚಲೇಬೇಕು. ಫ, ವಗಳಿಗೆ ಕೆಳತುಟಿ ಹಲ್ಲಿಗೆ. ಆ ಅಗಲ, ಇ ಎ ಹಿಗ್ಗಿದ ಬಾಯಿ, ಉ ಒ ದುಂಡು. ತ-ಟ, ನ-ಣ, ಲ-ಳ ವ್ಯತ್ಯಾಸ ಹೊರಗೆ ಕಾಣಲ್ಲ, ಅದಕ್ಕೆ ಬೇರೆ ಬಾಯಿ ಬರೆದು ಕೈ ನೋಯಿಸಿಕೊಳ್ಳಬೇಡಿ. ಎಂಟು ಬಾಯಿ ಧಾರಾಳ.

ಕನ್ನಡದ್ದೇ ಆದ ವಿಷಯ ಎರಡಿದೆ. ಅಪ್ಪ, ಅಮ್ಮ, ಹಬ್ಬ, ತುಪ್ಪ ಇಂಥ ಒತ್ತಿನ ಕಡೆ ಮುಚ್ಚಿದ ಬಾಯಿ 4 ಫ್ರೇಮ್ ನಿಲ್ಲಬೇಕು. ಎರಡೇ ಫ್ರೇಮ್ ಇಟ್ಟರೆ "ಅಮ್ಮ" ಅನ್ನೋದು "ಅಮ" ಥರ ಕಾಣುತ್ತೆ, ಕಿವಿಗೆ ಸರಿ ಇದ್ರೂ ಕಣ್ಣಿಗೆ ತಪ್ಪು. ಎರಡನೇದು, ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯೋದು. ಮಾತು ಮುಗಿದ ತಕ್ಷಣ ಬಾಯಿ ಟಪ್ಪಂತ ಮುಚ್ಚಿಸಬೇಡಿ, ಕೊನೆಯ ಸ್ವರದ ಬಾಯಿ ಇನ್ನೊಂದು 4 ಫ್ರೇಮ್ ಇಳಿಯುತ್ತಾ ಹೋಗಲಿ. ಬಾಯಿಯ ಆಕಾರ ಶಬ್ದಕ್ಕಿಂತ ಒಂದೆರಡು ಫ್ರೇಮ್ ಮುಂಚೆ ಬಂದ್ರೆ ಸರಿಯಾಗಿ ಕೂರುತ್ತೆ, ತಡವಾದ್ರೆ ಡಬ್ಬಿಂಗ್ ಸಿನಿಮಾ ಅನ್ನಿಸುತ್ತೆ. ರೂಬಾರ್ಬ್ ಲಿಪ್ ಸಿಂಕ್ ಅನ್ನೋ ಉಚಿತ ತಂತ್ರಾಂಶ ಬಳಸೋದಾದ್ರೆ "ಫೊನೆಟಿಕ್" ಆಯ್ಕೆ ಹಾಕಿ, ಇನ್ನೊಂದು ಆಯ್ಕೆ ಇಂಗ್ಲಿಷಿಗೆ ಮಾತ್ರ. ಅದು ಕೊಟ್ಟಿದ್ದನ್ನು ಹಾಗೇ ಬಿಡದೆ ಪ-ಬ-ಮಗಳನ್ನು ಕೈಯಲ್ಲಿ ಸರಿಮಾಡಿ.

ಧ್ವನಿ ಮೊದಲು, ಚಿತ್ರ ಆಮೇಲೆ. ಬಲೂನಲ್ಲಿ "ಬರುತ್ತೇನೆ" ಅಂತಿದೆ, ಕಲಾವಿದರು ಮೈಕ್ ಮುಂದೆ "ಬತ್ತೀನಿ" ಅಂದುಬಿಟ್ರೆ ಒಂದು ಅಕ್ಷರವೇ ಇಲ್ಲ. ಚಿತ್ರ ಮೊದಲೇ ಮಾಡಿದ್ರೆ ಆ ಬಾಯಿ ಅನಾಥ. 1988ರ ಜಪಾನಿನ ಅಕಿರಾ ಇದೇ ಕ್ರಮದಲ್ಲಿ ಆಯ್ತು, ಅಲ್ಲಿ ಆಗ ಅದು ಅಪರೂಪ. ಬಲೂನಿನ ಗ್ರಾಂಥಿಕ ಭಾಷೆ ಇಟ್ಕೋಬೇಕೋ ಆಡುಮಾತು ಮಾಡಬೇಕೋ ಅಂತ ಜಗಳ ಇದ್ದೇ ಇರುತ್ತೆ. ರಾಜ, ರಾಕ್ಷಸ, ಋಷಿಗೆ ಗ್ರಾಂಥಿಕವೇ ಇರಲಿ ಅನ್ನೋದು ನನ್ನ ಅಭಿಪ್ರಾಯ. "ಎಲೈ" ಅನ್ನೋದನ್ನು ತೆಗೆದು "ಏಯ್" ಮಾಡಿದ್ರೆ ಓದುವಾಗ ಮನಸ್ಸಲ್ಲಿ ಕೇಳಿಸಿದ ದನಿ ಹೋಗಿಬಿಡುತ್ತೆ.

ಹಳೇ ಪುಟ

ಧ್ವನಿಯವರು ಬಿಟ್ಟ ಒಂದು ಮಾತು: ತೆರೆ ಮೇಲಿನ ಧಡಾರ್, ಫಟಾರ್, ಬುಸ್. ಅವನ್ನು ಫಾಂಟಲ್ಲಿ ಟೈಪ್ ಮಾಡಿದ್ರೆ ಸತ್ತಂತೆ. ಮೂಲ ಪುಟದಿಂದಲೇ ಗೆರೆ ಬಿಡಿಸಿ ಬಳಸಿ, 6ರಿಂದ 8 ಫ್ರೇಮ್ ಮಾತ್ರ ನಿಲ್ಲಿಸಿ. ಶೀರ್ಷಿಕೆಗೆ ಫಾಂಟ್ ಬೇಕೇ ಬೇಕು ಅಂದ್ರೆ "ಬಾಲೂ ತಮ್ಮ" ಅನ್ನೋ ಫಾಂಟ್ ಮಕ್ಕಳ ಕತೆಗೆ ಒಪ್ಪುತ್ತೆ. ಕೆಲವು ವಿಡಿಯೋ, ಅನಿಮೇಷನ್ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಚ್ಚಿಕೊಂಡು "ಕೃಷ್‌ಣ" ಆಗಿಬಿಡುತ್ತೆ. ಇಂಕ್‌ಸ್ಕೇಪ್ ಅನ್ನೋ ಚಿತ್ರ ತಂತ್ರಾಂಶದಲ್ಲಿ ಬರೆದು, ಅಕ್ಷರಗಳನ್ನು ಪಾತ್ (ಗೆರೆಯ ಆಕಾರ) ಮಾಡಿ, ಎಸ್‌ವಿಜಿಯಾಗಿ ತಂದುಕೊಂಡ್ರೆ ಆ ತಾಪತ್ರಯ ಇಲ್ಲ. ಎರಡು ಸಾಲು ಇದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಬಿಡಿ.

ಒಂಟಿಕೊಪ್ಪಲ್ ಗೆರೆ

ಹಿನ್ನೆಲೆ ಬಗ್ಗೆ ನಾನೇ ಸೇರಿಸ್ತೀನಿ. ಕಾಮಿಕ್ಸಲ್ಲಿ ಅರ್ಧಕ್ಕರ್ಧ ಚೌಕಟ್ಟಿಗೆ ಹಿನ್ನೆಲೆಯೇ ಇರಲ್ಲ, ಬರೀ ಹಳದಿ ಅಥವಾ ಬಿಳಿ. ಸಿನಿಮಾದವರಿಗೆ ಅದು ಖಾಲಿ ಅನ್ನಿಸಿ ಮರ, ಮೋಡ, ಹಕ್ಕಿ ತುಂಬ್ತಾರೆ. ಮೈಸೂರಲ್ಲೇ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅಣ್ಣನ ಮಾಲ್ಗುಡಿ ಕತೆಗಳಿಗೆ ಬರೆದ ಚಿತ್ರಗಳನ್ನು ಮುಂದಿಟ್ಟುಕೊಂಡು ನೋಡಿ: ಒಂದು ಕಂಬ, ಒಂದು ಜಗಲಿ, ನಾಲ್ಕು ಗೆರೆ, ಮಿಕ್ಕಿದ್ದು ಕಾಗದ. ಊರು ಕಾಣುತ್ತೆ. ಕೋಪ ಬಂದ ಚೌಕಟ್ಟಿಗೆ ಕಲಾವಿದ ಬರೀ ಕೆಂಪು ಕೊಟ್ಟಿದ್ರೆ ತೆರೆ ಮೇಲೂ ಬರೀ ಕೆಂಪು ಇರಲಿ. ಕತೆಯ ಊರು ಕಾಲ್ಪನಿಕ ಆಗಿದ್ರೆ ಅಭಿಮಾನಕ್ಕೆ ಅಂತ ಚಾಮುಂಡಿ ಬೆಟ್ಟ, ಅರಮನೆ ಗೋಪುರ ತಂದು ಕೂರಿಸಬೇಡಿ. ಆಲೆಮನೆ ಹೊಗೆ, ನಾಲೆ ಏರಿ, ಕಬ್ಬಿನ ಗದ್ದೆ ಇದ್ರೆ ಚೆನ್ನ, ಆದ್ರೆ ಮೂಲದಲ್ಲಿ ಇದ್ರೆ ಮಾತ್ರ.

ಕೆ.ಆರ್.ಎಸ್. ರಸ್ತೆ

ದುಡ್ಡು ಮಾಡದೆ ಸುಮ್ನೆ ಯೂಟ್ಯೂಬಿಗೆ ಹಾಕಿದ್ರೆ ಹಕ್ಕಿನ ಗೋಜಿಲ್ಲ ತಾನೇ?

ಕಲಂ 17

ಇದೆ. ದುಡ್ಡು ತಗೊಳ್ಳಲಿಲ್ಲ ಅನ್ನೋದೊಂದೇ ರಕ್ಷಣೆ ಆಗಲ್ಲ. ಮನೆಯೊಳಗಿನ ಅಭ್ಯಾಸಕ್ಕೆ ಮಾಡಿಕೊಳ್ಳೋದು ಬೇರೆ, ಸಾರ್ವಜನಿಕವಾಗಿ ಹಾಕೋದು ಬೇರೆ. ಲೇಖಕ, ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತೆ.

ಯಾರನ್ನು ಕೇಳಬೇಕು ಅನ್ನೋದು ಮುಖ್ಯ. ಪತ್ರಿಕೆ ಕಚೇರಿಗೆ ಹೋದ್ರೆ ಮುಗೀತು ಅಂತ ತಿಳ್ಕೋತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಸಂಬಳಕ್ಕಿದ್ದ ಕಲಾವಿದ ಪತ್ರಿಕೆಯಲ್ಲಿ ಪ್ರಕಟಿಸೋಕೆ ಅಂತ ಬರೆದ ಕೃತಿಯಲ್ಲಿ, ಬೇರೆ ಒಪ್ಪಂದ ಇಲ್ಲದಿದ್ರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು, ಮಿಕ್ಕ ಹಕ್ಕು ಕಲಾವಿದನದೇ. ಸಿನಿಮಾ ಹಕ್ಕು ಆ "ಮಿಕ್ಕ"ದ್ದರಲ್ಲಿ ಬರುತ್ತೆ. ಹೊರಗಿನವರಿಂದ ಹಣ ಕೊಟ್ಟು ಬರೆಸಿದ್ದಾದ್ರೆ ಲೆಕ್ಕ ಬೇರೆ, ಒಪ್ಪಂದ ಪತ್ರ ನೋಡಲೇಬೇಕು. ಕತೆ ಒಬ್ಬರದು, ಚಿತ್ರ ಇನ್ನೊಬ್ಬರದು ಆಗಿದ್ರೆ ಇಬ್ಬರ ಕಡೆಯವರನ್ನೂ ಕೇಳಿ.

ಹಕ್ಕು ವರ್ಗಾಯಿಸಿಕೊಳ್ಳೋದಾದ್ರೆ ಬರವಣಿಗೆಯಲ್ಲಿ, ಸಹಿ ಹಾಕಿಸಿ. ಅವಧಿ ಬರೆಯದಿದ್ರೆ 5 ವರ್ಷ ಅಂತಲೂ ಪ್ರದೇಶ ಬರೆಯದಿದ್ರೆ ಭಾರತ ಮಾತ್ರ ಅಂತಲೂ 19ನೇ ಕಲಂ ತಿಳಿದುಕೊಳ್ಳುತ್ತೆ. ಬೇರೆ ಮಾತು ಆಗಿರದಿದ್ರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ರೆ ಅದು ವಾಪಸ್. ಅನಿಮೇಷನ್ನಿಗೆ ಒಂದು ವರ್ಷ ಸಾಲಲ್ಲ, ಅವಧಿಯನ್ನು ಸ್ಪಷ್ಟವಾಗಿ ನಮೂದಿಸಿ. ಹಕ್ಕು ಕೊಟ್ಟ ಮೇಲೂ ಪಾತ್ರವನ್ನು ಕುಲಗೆಡಿಸಿದ್ರೆ 57ನೇ ಕಲಂ ಅಡಿ ಮೂಲ ಕಲಾವಿದ ಆಕ್ಷೇಪ ಎತ್ತಬಹುದು, ಹಾಗಾಗಿ ಮಾಡೆಲ್ ಶೀಟನ್ನು ಅವರಿಗೆ ಮೊದಲೇ ತೋರಿಸಿ.

ಕುಕ್ಕರಹಳ್ಳಿ ಕೀಫ್ರೇಮ್

ಕೊನೆಗೆ ಎಷ್ಟು ಕೆಲಸ ಅಂತ ಅಂದಾಜು. 8 ಪುಟ, 42 ಚೌಕಟ್ಟು, ಎರಡೂವರೆ ನಿಮಿಷ. ಉಸಿರಾಟಕ್ಕೆ ಜಾಗ ಬಿಟ್ಟು ಮೂರು ನಿಮಿಷ ಅನ್ನಿ. ಸೆಕೆಂಡಿಗೆ 12ರಂತೆ 2160 ಚಿತ್ರ. ಪಾತ್ರ ನಿಂತು ಬಾಯಿ ಮಾತ್ರ ಆಡಿಸುವ ಕಡೆಗಳನ್ನೂ, ತುಂಬಾ ಹೊತ್ತು ನಿಲ್ಲುವ ಚಿತ್ರಗಳನ್ನೂ ಕಳೆದ್ರೆ 900ಕ್ಕೆ ಇಳಿಯುತ್ತೆ. ಕ್ಲೀನಪ್ (ಕಚ್ಚಾ ಗೆರೆ ತಿದ್ದಿ ಅಂತಿಮ ಮಾಡೋದು) ಸೇರಿ ಒಬ್ಬರು ದಿನಕ್ಕೆ 12 ಚಿತ್ರ ಅಂದುಕೊಂಡ್ರೆ 75 ದಿನದ ದುಡಿಮೆ, ನಾಲ್ವರಿದ್ರೆ ಮೂರು ವಾರದೊಳಗೆ. ಬಣ್ಣ, ಹಿನ್ನೆಲೆ, ಧ್ವನಿ ಇದರ ಮೇಲೆ. ಆನಿಮ್ಯಾಟಿಕ್ (ಮಂಡ್ಯದವರು ಹೇಳಿದ, ಚೌಕಟ್ಟು ಮತ್ತು ಕಚ್ಚಾ ಧ್ವನಿ ಜೋಡಿಸಿದ ಆ ಮೊದಲ ರೂಪ) ಒಪ್ಪಿಗೆ ಆಗೋ ತನಕ ಒಂದು ಕ್ಲೀನಪ್ ಚಿತ್ರವನ್ನೂ ಶುರು ಮಾಡಬೇಡಿ. ಒಪ್ಪಿಗೆ ಆದ ಮೇಲೆ ಅತ್ಯಂತ ಕಷ್ಟದ ಶಾಟ್ ಯಾವುದೋ ಅದನ್ನೇ ಮೊದಲು ಮಾಡಿ. ಕತ್ತಿ ಬೀಸೋ ಆ 8 ಫ್ರೇಮ್ ಸರಿ ಬಂದ್ರೆ ತಂಡಕ್ಕೆ ಎಲ್ಲ ಲೆಕ್ಕ ಸಿಕ್ಕಂತೆ, ಬರದಿದ್ರೆ ಗೆರೆಯ ದಪ್ಪ, ರಿಗ್ಗು ಎರಡನ್ನೂ ಆಗಲೇ ಬದಲಾಯಿಸೋಕೆ ಸಮಯ ಇರುತ್ತೆ.